ರೊಟ್ಟಿ ಬೇಯಿಸೋ ಮನೆಗೆ ಎಂಥ ಗ್ಯಾಸ್ ಒಲೆ ಬೇಕು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬೈಲಹೊಂಗಲದಿಂದ ಮಾತಾಡ್ತಿದ್ದೀನಿ. ಇವತ್ತಿನ ವಿಷಯ ಗ್ಯಾಸ್ ಒಲೆ. "ಅದ್ರಾಗೇನೈತಿ, ಅಂಗಡಿಗೆ ಹೋದ್ರ ಆತು" ಅಂತೀರಿ. ನಾನೂ ಹಂಗ ಅಂದ್ಕೊಂಡಿದ್ದೆ. ಬಿ.ಕಾಂ. ಓದಿದವ, ರೇಟ್ ನೋಡಿ ತರೋದು ನನಗೇನು ಹೇಳಿಕೊಡಬೇಕು ಅನ್ನೋ ಗತ್ತು ಬೇರೆ.

ಎರಡು ವರ್ಷದ ಹಿಂದೆ ದೀಪಾವಳಿ ರಿಯಾಯಿತಿಯಲ್ಲಿ ಅವ್ವಗ ಮೂರು ಬರ್ನರಿನ ಕರಿ ಗಾಜಿನ ಒಲೆ ತರಿಸಿದೆ. ಕಟ್ಟೆ ಮೇಲೆ ಇಟ್ಟಾಗ ಭಾಳ ಚಂದ ಕಾಣ್ತಿತ್ತು. ಒಂದು ತಿಂಗಳು ಬಿಟ್ಟು ನೋಡಿದರೆ ಅವ್ವ ಮತ್ತೆ ಹಿತ್ತಲದಾಗ ಕೂತು, ಹತ್ತಿ ಕಟ್ಟಿಗಿ ಹಚ್ಚಿ ರೊಟ್ಟಿ ಬೇಯಿಸ್ತಿದ್ದಳು. ಕಣ್ಣಾಗ ನೀರು, ಮ್ಯಾಲ ಕೆಮ್ಮು.

"ಯಾಕ ಯವ್ವಾ?" ಅಂದೆ.

"ನಿನ್ನ ಒಲಿ ಮ್ಯಾಲ ಚಹಾ ಆಗ್ತೈತಿ, ರೊಟ್ಟಿ ಆಗಂಗಿಲ್ಲಪಾ" ಅಂದಳು.

2016ರ ಮೇ 1ಕ್ಕೆ ಉಜ್ವಲಾ ಯೋಜನೆ ಶುರುವಾದ ಮೇಲೆ ನಮ್ಮ ಕಡೆ ಎಷ್ಟೋ ಮನೆಗೆ ಗ್ಯಾಸ್ ಬಂತು. ಆದರೂ ಹಿತ್ತಲ ಒಲೆ ಎಲ್ಲ ಕಡೆ ಆರಿಲ್ಲ. ಸಿಲಿಂಡರ್ ದುಬಾರಿ ಅನ್ನೋದು ಒಂದು ಕಾರಣ. ನಮ್ಮ ಮನೆಯಲ್ಲಿ ಮಾತ್ರ ಕಾರಣ ನಾನೇ. ಅಡುಗಿ ಯಾವುದು ಅಂತ ಕೇಳದೇ ಒಲೆ ಆರಿಸಿದ್ದೆ.

ಮೊದಲು ಹಂಚು ಅಳೀರಿ

ಅಂಗಡಿಗೆ ಹೋಗೋ ಮೊದಲು ನಿಮ್ಮ ಮನೆಯ ರೊಟ್ಟಿ ಹಂಚು ಎಷ್ಟು ಅಗಲ ಅನ್ನೋದನ್ನ ಅಳತಿ ಮಾಡ್ಕೋರಿ. ಮೂರು ಬರ್ನರಿನ ಒಲೆಯಲ್ಲಿ ಬರ್ನರ್‌ಗಳು ಒತ್ತೊತ್ತಾಗಿ ಇರ್ತಾವು. ದೊಡ್ಡ ಹಂಚಿಟ್ಟರೆ ಬಾಜೂ ಬರ್ನರ್ ಮೇಲೆ ಪಾತ್ರೆ ಕೂರೋದಿಲ್ಲ. ಅಲ್ಲಿಗೆ ಮೂರು ಬರ್ನರಿನ ದುಡ್ಡು ಕೊಟ್ಟು ಎರಡು ಬರ್ನರ್ ಬಳಸಿದಂಗಾತು. ಇನ್ನು ಸಣ್ಣ ಬರ್ನರ್ ಮೇಲೆ ಹಂಚಿಟ್ಟರೆ ಉರಿ ನಡುವಷ್ಟೇ ತಾಕಿ, ನಡುಕ ಕರಕಲು, ಅಂಚು ಹಸಿ. ಹಾಗಾಗಿ ಅಗಲ ಕಟ್ಟೆಯ, ಒಂದು ದೊಡ್ಡ ಬರ್ನರ್ ಇರುವ ಎರಡು ಬರ್ನರಿನ ಒಲೆ ನಮ್ಮ ಮನೆಗಳಿಗೆ ಸರಿಹೊಂದುತ್ತದೆ.

ಗಾಜೋ, ಸ್ಟೀಲೋ?

ಗಾಜು ಒರೆಸೋದು ಸುಲಭ, ನೋಡೋಕೂ ಚಂದ. ಆದರೆ ಅಗಲ ಹಂಚು ಬಹಳ ಹೊತ್ತು ಕಾದರೆ ಅದರ ಕಾವು ಕೆಳಗೆ ಗಾಜಿಗೇ ಬಡೀತದೆ. ಕಾದ ಗಾಜಿನ ಮೇಲೆ ಹಸಿ ಅರಿವೆ ಎಳೆದರೆ ಅಥವಾ ಭಾರದ ಪಾತ್ರೆ ಧಪ್ ಅಂತ ಬಿದ್ದರೆ ಒಡೆಯೋ ಸಾಧ್ಯತೆ ಇದೆ. ದಿನಾ 20-30 ರೊಟ್ಟಿ ಆಗೋ ಮನೆ ಆದ್ರ ಸ್ಟೀಲ್ ಒಲೆ ತಗೋರಿ. ಬರ್ನರ್ ಹಿತ್ತಾಳೆಯದೇ ಇರಲಿ. ರೊಟ್ಟಿ ಹಿಟ್ಟು ಉದುರಿ ತೂತು ಮುಚ್ಚಿಕೊಳ್ಳೋದು ನಮ್ಮಲ್ಲಿ ದಿನದ ಮಾತು, ಹಂಗಾಗಿ ಬರ್ನರ್ ಸಲೀಸಾಗಿ ಎತ್ತಿ ತೊಳೆಯೋಕೆ ಬರಬೇಕು. ಉರಿ ನೀಲಿ ಇರಬೇಕು. ಹಳದಿಯಾಗಿ ಪಾತ್ರೆ ತಳ ಕಪ್ಪಾಗ್ತಿದ್ದರೆ ಗ್ಯಾಸ್ ಪೂರ್ತಿ ಉರೀತಿಲ್ಲ ಅಂತ ಅರ್ಥ.

ಈಗ ಲೆಕ್ಕ

ಒಲೆ ಮೇಲೆ ಐಎಸ್‌ಐ ಗುರುತು, ಅದರ ಜೊತೆ ಐಎಸ್ 4246 ಅನ್ನೋ ಸಂಖ್ಯೆ ನೋಡ್ರಿ. ಈ ಮಾನದಂಡದ ಪ್ರಕಾರ ಗ್ಯಾಸಿನ ಕಾವಿನಲ್ಲಿ ಕನಿಷ್ಠ 68% ಪಾತ್ರೆಗೆ ಮುಟ್ಟಬೇಕು. ಫ್ರಿಜ್ಜಿಗೆ ಇದ್ದಂಗೆ ಗ್ಯಾಸ್ ಒಲೆಗೂ ಸ್ಟಾರ್ ಲೇಬಲ್ ಇದೆ. ಸ್ಟಾರ್ ಹೆಚ್ಚಿದ್ದಷ್ಟು ಗ್ಯಾಸ್ ಉಳಿತಾಯ.

ಒಂದು ಒಲೆ 68%, ಇನ್ನೊಂದು 74% ಅಂತ ಇಟ್ಕೊಳ್ರಿ. ಅದೇ ಅಡುಗೆಗೆ ಎರಡನೆಯದು ಸುಮಾರು 8% ಕಡಿಮೆ ಗ್ಯಾಸ್ ತಿನ್ನುತ್ತದೆ. ತಿಂಗಳಿಗೊಂದು 14.2 ಕೆ.ಜಿ. ಸಿಲಿಂಡರ್ ಅಂದರೆ ವರ್ಷಕ್ಕೆ ಸುಮಾರು 170 ಕೆ.ಜಿ. ಅದರ 8% ಅಂದರೆ ಹತ್ತಿರ ಹತ್ತಿರ 14 ಕೆ.ಜಿ. ವರ್ಷಕ್ಕೆ ಒಂದು ಸಿಲಿಂಡರ್ ಉಳೀತು! ಒಲೆಗೆ ಕೊಟ್ಟ ಹೆಚ್ಚಿನ ದುಡ್ಡನ್ನ ಈ ಉಳಿತಾಯದ ಜೊತೆ ಹೋಲಿಸಿ ನೋಡ್ರಿ. ಒಂದು ಮಾತು ಮಾತ್ರ ನೆನಪಿರಲಿ: ಈ ಪರೀಕ್ಷೆ ನಡೆಯೋದು ನೀರು ಕಾಯಿಸಿ. ಅನ್ನ, ಬ್ಯಾಳಿಗೆ ಈ ಲೆಕ್ಕ ಹೊಂದುತ್ತದೆ, ರೊಟ್ಟಿಗೆ ಅಷ್ಟೇ ಕರಾರುವಾಕ್ಕಾಗಿ ಹೊಂದೋದಿಲ್ಲ.

ಕೇಳುಗರ ಪ್ರಶ್ನೆಗಳು

ಕಿತ್ತೂರಿನಿಂದ ಒಬ್ಬ ಅಣ್ಣಾರು ಕೇಳ್ಯಾರ: ಹೊಸ ಕನೆಕ್ಷನ್ ಜೊತೆ ಏಜೆನ್ಸಿಯಲ್ಲೇ ಒಲೆ ಕೊಳ್ಳಬೇಕಾ? ಅಂಥ ನಿಯಮ ಇಲ್ಲರಿ. ಐಎಸ್‌ಐ ಇದ್ದ ಒಲೆ ಎಲ್ಲಿಂದ ತಂದರೂ ನಡೀತದೆ.

ರಾಮದುರ್ಗದ ಅಕ್ಕಾರೊಬ್ಬರು: ಸಿಲಿಂಡರ್ ದೂರ ಇಟ್ಟು ಉದ್ದ ಪೈಪ್ ಹಾಕಬಹುದಾ? ಬ್ಯಾಡ್ರಿ. ಒಂದೂವರೆ ಮೀಟರ್ ದಾಟಬಾರದು. ಒಳಗೆ ತಂತಿ ಇರೋ ಕೇಸರಿ ಬಣ್ಣದ ಸುರಕ್ಷಾ ಪೈಪ್ ಹಾಕಿಸಿ, 5 ವರ್ಷಕ್ಕೊಮ್ಮೆ ಬದಲಿಸ್ರಿ. ಸಿಲಿಂಡರ್ ನೆಟ್ಟಗೆ ನೆಲದ ಮೇಲೆ ನಿಂತಿರಲಿ, ಒಲೆ ಅದಕ್ಕಿಂತ ಎತ್ತರದಲ್ಲಿರಲಿ.

ಸವದತ್ತಿ ಕಡೆಯಿಂದ ಒಬ್ಬ ತಮ್ಮ: ಹುಣ್ಣಿವಿಗೆ ಎಲ್ಲಮ್ಮನ ಗುಡ್ಡಕ್ಕ ಹೋಗಿ ಅಡಗಿ ಮಾಡೋರಿಗೆ ಸಣ್ಣ ಸಿಲಿಂಡರ್ ಹೆಂಗ? ಕಂಪನಿಯ 5 ಕೆ.ಜಿ. ಸಿಲಿಂಡರ್ ತಗೋರಿ, ಅದಕ್ಕೆ ಹೊಂದೋ ರೆಗ್ಯುಲೇಟರ್ ಹಾಕಿಸ್ರಿ. ದೊಡ್ಡ ಸಿಲಿಂಡರಿನಿಂದ ಸಣ್ಣದಕ್ಕೆ ಅಂಗಡಿಯಲ್ಲಿ ತುಂಬಿಸಿಕೊಳ್ಳೋದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ಜಾತ್ರೆ ಗದ್ದಲದಾಗ ಅದು ಸೋರಿದರೆ ನಿಮ್ಮೊಬ್ಬರ ಮಾತಲ್ಲ.

ಗ್ಯಾಸ್ ವಾಸನೆ ಬಂದರೆ ಏನು ಮಾಡೋದು ಅಂತ ಎಲ್ಲರೂ ಕೇಳ್ತೀರಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮಟ್ಟಕ್ಕೇ ಹರಡಿ ನಿಲ್ಲುತ್ತದೆ. ಉರಿ ಇದ್ದರೆ ಆರಿಸಿ, ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆಯಿರಿ. ಲೈಟು, ಫ್ಯಾನಿನ ಸ್ವಿಚ್ ಹಾಕಲೂ ಬೇಡಿ, ತೆಗೆಯಲೂ ಬೇಡಿ. ಹೊರಗೆ ಬಂದು 1906ಕ್ಕೆ ಫೋನ್ ಮಾಡ್ರಿ.

ಕಡೀಕ ನಮ್ಮ ಮನೆ ಸುದ್ದಿ. ಕಳೆದ ವರ್ಷ ಅವ್ವನ್ನೇ ಅಂಗಡಿಗೆ ಕರ್ಕೊಂಡು ಹೋದೆ. ಆಕಿ ಚೀಲದಾಗ ಹಂಚು ಹಾಕ್ಕೊಂಡೇ ಬಂದಿದ್ದಳು! ಅಂಗಡಿಯವರು ನಕ್ಕರು. ಅವ್ವ ಒಂದೊಂದೇ ಒಲೆ ಮೇಲೆ ಹಂಚಿಟ್ಟು ನೋಡಿ, ನಾಲ್ಕನೆಯದು ಆರಿಸಿದಳು. ಎರಡು ಬರ್ನರಿನ ಸ್ಟೀಲ್ ಒಲೆ. ನನ್ನ ಗಾಜಿನ ಒಲೆಗಿಂತ ಅಗ್ಗ.

ಈಗ ರೊಟ್ಟಿ ಒಳಗೇ ಆಗ್ತಾವು. ಹಿತ್ತಲ ಒಲೆಯಲ್ಲಿ ಸ್ನಾನದ ನೀರು ಇನ್ನೂ ಕಾಯ್ತದೆ, ಅದನ್ನ ಬಿಡಿಸೋಕೆ ನನಗೆ ಆಗಿಲ್ಲ. ಆದರೆ ಹೊಗೆ ಮುಂದೆ ತಾಸುಗಟ್ಟಲೆ ಕೂರೋದು ತಪ್ಪಿದೆ. ನೀವೂ ಒಲೆ ತರೋ ಮೊದಲು ಅಡುಗೆ ಮಾಡೋರನ್ನ ಕೇಳ್ರಿ.