ಬಸ್ಸಿನ ಬೋರ್ಡು ಓದಬಲ್ಲ, ಪಾಠ ಓದಲಾರ!

ಚಿತ್ರದುರ್ಗದ ಬಸ್ ನಿಲ್ದಾಣದಲ್ಲಿ ಸಂಜೆ, ಶಾಲೆ ಬಿಟ್ಟ ಹೊತ್ತು. ಹೆಗಲಿಗೆ ಚೀಲವೇರಿಸಿಕೊಂಡ ಹುಡುಗರು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಬಸ್ಸುಗಳತ್ತ ಧಾವಿಸುತ್ತಾರೆ. ಹಣೆಯ ಬೋರ್ಡನ್ನು ಕಂಡೊಡನೆ ಯಾವುದು ತಮ್ಮ ಊರಿನ ಬಸ್ಸೆಂಬುದು ಅವರಿಗೆ ತಿಳಿದುಹೋಗುತ್ತದೆ. ಅವರಲ್ಲಿ ನಾಲ್ಕಾರು ಮಂದಿಯನ್ನು ನಿಲ್ಲಿಸಿ, ಒಂಬತ್ತನೆಯ ತರಗತಿಯ ವಿಜ್ಞಾನದ ಪುಸ್ತಕವನ್ನು ಚೀಲದಿಂದ ತೆಗೆಸಿ, ಒಂದು ಪುಟ ಓದಿರೆಂದರೆ ಏನಾದೀತು? ಕೆಲವರು ಸರಾಗವಾಗಿ ಓದಿಯಾರು. ಒಬ್ಬನಾದರೂ ಮೊದಲ ಸಾಲಿನ ನಡುವೆಯೇ ತಡವರಿಸಿ, ಪುಸ್ತಕದಿಂದ ಕಣ್ಣು ಕಿತ್ತು, ನೆಲವನ್ನು ನೋಡಿಯಾನು.

ಬೋರ್ಡು ಓದಿದವನು ಪಾಠವನ್ನೇಕೆ ಓದಲಾರ? ಉತ್ತರ ಸರಳ. ಬೋರ್ಡನ್ನು ಅವನು ಓದಲಿಲ್ಲ, ಗುರುತು ಹಿಡಿದ. ದಿನವೂ ಕಾಣುವ ಮುಖವನ್ನು ಗುರುತು ಹಿಡಿಯುವಂತೆ ದಿನವೂ ಕಾಣುವ ಪದವನ್ನು ಗುರುತು ಹಿಡಿಯಬಹುದು. ಎಂದೂ ಕಾಣದ ಪದ ಎದುರಾದಾಗ ಮಾತ್ರ ಅಕ್ಷರಗಳನ್ನು ಒಂದಕ್ಕೊಂದು ಕೂಡಿಸಿ ಓದಬೇಕಾಗುತ್ತದೆ. ಅವನ ಗಾಡಿ ನಿಲ್ಲುವುದು ಅಲ್ಲಿಯೇ.

ನಾಲ್ಕು ಊರು, ನಾಲ್ಕು ಮೆಟ್ಟಿಲು

ಈ ನಾಲ್ಕು ಊರುಗಳ ಹೆಸರನ್ನೇ ನೋಡಬಹುದು. ಹಿರಿಯೂರಿನಲ್ಲಿ ಒತ್ತಕ್ಷರವೇ ಇಲ್ಲ. ಗುಡಿಸು, ಕೊಂಬು, ಕೊಂಬಿನಿಳಿಗಳು ತಿಳಿದಿದ್ದರೆ ಸಾಕು. ಹೊಳಲ್ಕೆರೆಯಲ್ಲಿ ಲಕಾರದ ಕೆಳಗೆ ಕಕಾರದ ಒತ್ತು ಬರುತ್ತದೆ. ಎತ್ವವು ಲಕಾರದ ತಲೆಯ ಮೇಲೆ ಕುಳಿತಿದ್ದರೂ ಅದನ್ನು ನುಡಿಯಬೇಕಾದುದು ಕೆಳಗಿನ ಕಕಾರದೊಡನೆ. ಹೊಸದುರ್ಗದಲ್ಲಿ ಅರ್ಕಾವೊತ್ತು: ಬರೆಯುವುದು ಗಕಾರದ ನಂತರ, ನುಡಿಯುವುದು ಅದಕ್ಕೂ ಮೊದಲು. ಚಿತ್ರದುರ್ಗದಲ್ಲಂತೂ ಎರಡು ಬಗೆಯ ರಕಾರಗಳೂ ಒಂದೇ ಪದದಲ್ಲಿ ಸೇರಿವೆ. ತಕಾರದ ಕೆಳಗಿನದನ್ನು ತಕಾರದ ನಂತರ ಹೇಳಬೇಕು. ಗಕಾರದ ಪಕ್ಕದ್ದನ್ನು ಗಕಾರಕ್ಕಿಂತ ಮೊದಲೇ ಹೇಳಬೇಕು.

ಬಲ್ಲವರಿಗೆ ಇದೆಲ್ಲ ಉಸಿರಾಟದಷ್ಟು ಸಹಜ. ಕಲಿಯುವವನಿಗೆ ಅದು ಏರುಮೆಟ್ಟಿಲು. ಕನ್ನಡದ ಮೂವತ್ತನಾಲ್ಕು ವ್ಯಂಜನಗಳಿಗೆ ಸ್ವರಚಿಹ್ನೆಗಳು ಕೂಡಿದರೆ ನಾನ್ನೂರಕ್ಕೂ ಮಿಕ್ಕ ಗುಣಿತಾಕ್ಷರಗಳಾಗುತ್ತವೆ. ಒತ್ತಕ್ಷರಗಳ ಲೆಕ್ಕ ಬೇರೆ. ಮಕ್ಕಳು ಕನ್ನಡ ಓದಲು ಕಲಿಯುವ ಬಗೆಯನ್ನು ಕುರಿತು ಬೆಂಗಳೂರಿನ ಪ್ರಾಮಿಸ್ ಫೌಂಡೇಷನ್ನಿನ ಸೊನಾಲಿ ನಾಗ್ ಅವರು 2007ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಅಕ್ಷರಗಳ ಈ ದೊಡ್ಡ ಸಂಸಾರವು ಮಗುವಿನ ಕೈವಶವಾಗಲು ಒಂದೆರಡು ವರ್ಷ ಸಾಲದು, ಆ ಕಲಿಕೆ ನಾಲ್ಕನೆಯ ತರಗತಿಯವರೆಗೂ ಸಾಗುತ್ತದೆಂಬುದು ಅದರಿಂದ ತಿಳಿದುಬಂದಿತು. ಹಾಗಾದರೆ ಮೂರನೆಯ ಅಥವಾ ನಾಲ್ಕನೆಯ ತರಗತಿಯಲ್ಲಿ ಯಾವ ಕಾರಣದಿಂದಲಾದರೂ ಕಲಿಕೆ ಕಡಿದುಹೋದ ಮಗುವು ಒತ್ತಕ್ಷರದ ಮೆಟ್ಟಿಲಿನಲ್ಲಿಯೇ ಉಳಿದುಬಿಟ್ಟರೆ ಆಶ್ಚರ್ಯವೇನು?

ಅಂತಹ ಕಾರಣವೊಂದು ಇಡೀ ನಾಡಿಗೇ ಬಂದೊದಗಿತು. 2020ರ ಮಾರ್ಚಿಯಲ್ಲಿ ಕೊರೋನಾದಿಂದ ಮುಚ್ಚಿದ ಶಾಲೆಗಳು ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ ಕೊನೆಯ ವಾರದಲ್ಲಿ. ನಡುವೆ ‘ವಿದ್ಯಾಗಮ’ದ ಹೆಸರಿನಲ್ಲಿ ಉಪಾಧ್ಯಾಯರು ಮಕ್ಕಳಿದ್ದೆಡೆಗೇ ಹೋಗಿ ಪಾಠ ಹೇಳಿದ್ದುಂಟು, 2022–23ರಲ್ಲಿ ‘ಕಲಿಕಾ ಚೇತರಿಕೆ’ಯೂ ನಡೆಯಿತು. ಆದರೂ ಕಳೆದುಹೋದುದು ಎಲ್ಲರಿಗೂ ಮರಳಿ ದೊರೆಯಲಿಲ್ಲ. ಅಂದು ಎರಡು-ಮೂರನೆಯ ತರಗತಿಗಳಲ್ಲಿದ್ದ ಮಕ್ಕಳು ಈಗ ಮೀಸೆ ಚಿಗುರುವ ವಯಸ್ಸಿಗೆ ಬಂದು ಪ್ರೌಢಶಾಲೆಯ ಮೆಟ್ಟಿಲೇರಿದ್ದಾರೆ. ‘ಅಸರ್’ ಸಮೀಕ್ಷೆಯು 2023ರಲ್ಲಿ ದೇಶದ ಗ್ರಾಮಾಂತರ ಭಾಗದ ಹದಿನಾಲ್ಕರಿಂದ ಹದಿನೆಂಟು ವಯಸ್ಸಿನವರನ್ನು ಪರೀಕ್ಷಿಸಿದಾಗ, ಅವರಲ್ಲಿ ಸುಮಾರು ಕಾಲುಭಾಗದಷ್ಟು ಮಂದಿ ತಮ್ಮ ನಾಡನುಡಿಯಲ್ಲಿ ಎರಡನೆಯ ತರಗತಿಯ ಮಟ್ಟದ ಪಾಠವನ್ನು ಸರಾಗವಾಗಿ ಓದಲಾರದೆ ಹೋದರು.

ಫಲಿತಾಂಶದ ಮರೆಯಲ್ಲಿ

ಇಂತಹ ಹುಡುಗನು ಎಲ್ಲರ ಕಣ್ಣಿಗೂ ಬೀಳದೆ ಉಳಿಯುವುದು ಹೇಗೆ? ಅವನು ಜಾಣನಾಗಿರುವುದರಿಂದಲೇ! ಪಾಠವನ್ನು ಕಿವಿಯಿಂದ ಕಲಿಯುತ್ತಾನೆ. ಪಕ್ಕದವನ ನೋಟ್ಸನ್ನು ಚಿತ್ರ ಬಿಡಿಸಿದಂತೆ ದುಂಡಾಗಿ ನಕಲು ಮಾಡುತ್ತಾನೆ. ಗಟ್ಟಿಯಾಗಿ ಓದುವ ಸರದಿ ಬಂದಾಗ ನೀರು ಕುಡಿಯಲು ಹೊರಗೆ ಹೋಗುತ್ತಾನೆ, ಇಲ್ಲವೆ ಕೀಟಲೆ ಮಾಡಿ ಹೊರಗೆ ಕಳುಹಿಸಿಕೊಳ್ಳುತ್ತಾನೆ. ತುಂಟನೆನಿಸಿಕೊಳ್ಳುವುದು ದಡ್ಡನೆನಿಸಿಕೊಳ್ಳುವುದಕ್ಕಿಂತ ಮೇಲೆಂಬುದು ಆ ವಯಸ್ಸಿನ ತರ್ಕ.

ಪರೀಕ್ಷೆಯ ಅಂಕಿಗಳೂ ಅವನನ್ನು ಮರೆಮಾಡುತ್ತವೆ. 2023ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಚಿತ್ರದುರ್ಗ ಜಿಲ್ಲೆ ರಾಜ್ಯಕ್ಕೇ ಮೊದಲನೆಯದಾಗಿ ಬಂದಿತು. ಮರುವರ್ಷ ಪರೀಕ್ಷಾ ಕೊಠಡಿಗಳ ಮೇಲೆ ಕ್ಯಾಮರಾದ ಕಣ್ಣು ಬಿದ್ದಾಗ ರಾಜ್ಯದ ಫಲಿತಾಂಶವೇ ಶೇಕಡಾ 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕಗಳನ್ನು ಸೇರಿಸಿ. ಮೊದಲನೆಯ ಸ್ಥಾನ ಉಡುಪಿಯ ಪಾಲಾಯಿತು. ಯಾವ ಜಿಲ್ಲೆಯನ್ನೂ ದೂರಲು ಈ ಮಾತಲ್ಲ. ಉತ್ತೀರ್ಣರಾದವರ ಸಂಖ್ಯೆಯೇ ಬೇರೆ, ಓದಬಲ್ಲವರ ಸಂಖ್ಯೆಯೇ ಬೇರೆ ಎಂಬುದನ್ನು ನೆನಪಿಡಬೇಕು, ಅಷ್ಟೆ. ಓದು ಬಾರದವನಿಗೆ ಕನ್ನಡವೊಂದೇ ಅಲ್ಲ, ಗಣಿತದ ಸಮಸ್ಯೆ, ವಿಜ್ಞಾನದ ಪ್ರಶ್ನೆ, ಸಮಾಜದ ಪಾಠ ಎಲ್ಲವೂ ಬೀಗ ಹಾಕಿದ ಬಾಗಿಲುಗಳೇ.

ಸಿಕ್ಕು ಬಿಡಿಸುವ ದಾರಿ

ಮೊದಲ ಕೆಲಸ, ಸಿಕ್ಕು ಎಲ್ಲಿದೆ ಎಂದು ಹುಡುಕುವುದು. ಅದಕ್ಕೆ ಐದು ನಿಮಿಷ ಸಾಕು. ಆದರೆ ಅದು ತರಗತಿಯ ಎದುರಿನಲ್ಲಿ ನಡೆಯಬಾರದು. ಹುಡುಗನನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು ಓದಿಸಬೇಕು. ಊರಿನ ಹೆಸರನ್ನು ಥಟ್ಟನೆ ಹೇಳಿದವನಿಗೆ ‘ಘರ್ಷಣೆ’, ‘ಸೂತ್ರ’, ‘ಸ್ಪರ್ಶ’ ಎಂಬ ಪದಗಳನ್ನು ತೋರಿಸಬೇಕು. ‘ಘರ್ಷಣೆ’ಯನ್ನು ‘ಘಷ್ರಣೆ’ ಎಂದು ಓದಿದನೆ? ಹಾಗಾದರೆ ಅವನಿಗೆ ಬೇಕಾದುದು ಅಆಇಈಯಿಂದ ಮತ್ತೆ ಆರಂಭವಲ್ಲ, ಅರ್ಕಾವೊತ್ತಿನ ಅಭ್ಯಾಸ. ಒಂದೊಂದು ಒತ್ತಿಗೆ ಹತ್ತು ಹದಿನೈದು ಪದಗಳನ್ನು ಆರಿಸಿ, ಓದಿಸಿ, ಬರೆಯಿಸಿ, ವಾಕ್ಯದಲ್ಲಿ ಮತ್ತೆ ಕಾಣಿಸಿದರೆ ಗಂಟು ಸಡಿಲವಾಗತೊಡಗುತ್ತದೆ.

ಎರಡನೆಯದು, ತರಗತಿಯನ್ನು ಮರೆತು ಮಟ್ಟಕ್ಕೆ ತಕ್ಕಂತೆ ಗುಂಪು ಮಾಡುವುದು. ‘ಪ್ರಥಮ್’ ಸಂಸ್ಥೆಯು ಉತ್ತರ ಭಾರತದ ಹಳ್ಳಿಗಳಲ್ಲಿ ಈ ಕ್ರಮವನ್ನು ಬಳಸಿತು. 2019ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ ಮತ್ತು ಅವರ ಸಂಗಡಿಗರು ಅದನ್ನು ಒರೆಗೆ ಹಚ್ಚಿದರು. ದಿನಕ್ಕೆ ಕೆಲವು ಗಂಟೆಗಳಂತೆ ಹತ್ತು ಹತ್ತು ದಿನಗಳ ಶಿಬಿರಗಳನ್ನು ನಡೆಸಿದ ಕಡೆ ಮಕ್ಕಳ ಓದು ಗಮನಾರ್ಹವಾಗಿ ಸುಧಾರಿಸಿತು. ಅವು ಪ್ರಾಥಮಿಕ ಶಾಲೆಯ ಮಕ್ಕಳ ಮೇಲಿನ ಪ್ರಯೋಗಗಳು, ನಿಜ. ಆದರೆ ಪ್ರತಿದಿನ, ಸ್ವಲ್ಪ ಹೊತ್ತು, ಅವರವರ ಮೆಟ್ಟಿಲಿನಿಂದಲೇ ಆರಂಭಿಸಬೇಕೆಂಬ ತತ್ತ್ವವು ಹದಿನಾಲ್ಕರ ಹುಡುಗನಿಗೂ ಸಲ್ಲುತ್ತದೆ.

ಸಲ್ಲದಿರುವುದು ಪುಸ್ತಕ. ಕಾಗಕ್ಕ-ಗುಬ್ಬಕ್ಕನ ಕಥೆಯನ್ನು ಹದಿಹರೆಯದವನ ಕೈಯಲ್ಲಿಟ್ಟರೆ ಅವನ ಅಭಿಮಾನಕ್ಕೆ ಪೆಟ್ಟು ಬೀಳುತ್ತದೆ. ಓದಲು ಸುಲಭವಾಗಿಯೂ ವಯಸ್ಸಿಗೆ ತಕ್ಕದಾಗಿಯೂ ಇರುವ ಬರಹ ಬೇಕು. ಅದಕ್ಕೆ ಈ ಜಿಲ್ಲೆಯಲ್ಲಿ ಬಡತನವೆ? ಒನಕೆ ಓಬವ್ವನ ಸಾಹಸ ಇಲ್ಲಿನ ಮಕ್ಕಳಿಗೆ ಬಾಯಿಪಾಠ. ಕಥೆ ಮೊದಲೇ ತಿಳಿದಿದ್ದರೆ ಮುಂದಿನ ಪದವನ್ನು ಊಹಿಸಲು ಧೈರ್ಯ ಬರುತ್ತದೆ. ಊಹೆ ಸರಿಯೇ ಎಂದು ಅಕ್ಷರಗಳಲ್ಲಿ ಪರೀಕ್ಷಿಸಿ ನೋಡುವ ಕುತೂಹಲವೂ ಹುಟ್ಟುತ್ತದೆ. ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರವು 1933ರ ನಂತರ ಎಂಬತ್ತೊಂಬತ್ತು ವರ್ಷ ಕಾದು 2022ರಲ್ಲಿ ಮತ್ತೆ ಕೋಡಿ ಬಿದ್ದ ಸುದ್ದಿ, ಶೇಂಗಾದ ಧಾರಣೆ, ಕ್ರಿಕೆಟ್ ಪಂದ್ಯದ ವರದಿ, ಇವೆಲ್ಲವೂ ಪಾಠಗಳೇ.

ಮೂರನೆಯದು, ಓದಿದ್ದನ್ನೇ ಮತ್ತೆ ಓದಿಸುವುದು. ಒಂದೇ ಭಾಗವನ್ನು ನಾಲ್ಕಾರು ಸಲ ಗಟ್ಟಿಯಾಗಿ ಓದಿದರೆ ಓಟ ಬರುತ್ತದೆಂಬುದನ್ನು ಅಮೆರಿಕದ ಜೇ ಸ್ಯಾಮ್ಯುಯೆಲ್ಸ್ 1979ರಲ್ಲಿಯೇ ವಿವರಿಸಿದ್ದರು. ಆದರೆ ಬೆಳೆದ ಹುಡುಗನು ಒಂದೇ ಪುಟವನ್ನು ಮತ್ತೆ ಮತ್ತೆ ಏಕೆ ಓದಿಯಾನು? ನಾಟಕದ ಮಾತಾದರೆ ಓದುತ್ತಾನೆ! ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ತನ್ನ ‘ಶಿವಸಂಚಾರ’ ತಂಡ ಮತ್ತು ವರ್ಷವರ್ಷದ ನಾಟಕೋತ್ಸವದಿಂದ ನಾಡಿಗೇ ಪರಿಚಿತ. ನಾಟಕದ ರುಚಿಯುಳ್ಳ ಇಂತಹ ನೆಲದಲ್ಲಿ ಕೈಯಲ್ಲಿ ಪ್ರತಿ ಹಿಡಿದು ಮಾತು ಓದುವ ತಾಲೀಮಿನ ಹೆಸರಿನಲ್ಲಿ ಹತ್ತು ಸಲದ ಓದು ಅವಮಾನವಿಲ್ಲದೆ ನಡೆದುಹೋಗುತ್ತದೆ.

ಮನೆಯಲ್ಲಿ ತೆಲುಗನ್ನೋ ಲಂಬಾಣಿಯನ್ನೋ ಆಡುವ ಮಕ್ಕಳೂ ಈ ಜಿಲ್ಲೆಯಲ್ಲಿದ್ದಾರೆ. ಅವರಿಗೆ ಅಕ್ಷರದ ತೊಡಕಿನ ಮೇಲೆ ಅರ್ಥದ ತೊಡಕು. ಪಾಠವನ್ನು ಓದಿಸುವ ಮೊದಲು ಅದರ ಹೊಸ ಪದಗಳನ್ನು ಮಾತಿನಲ್ಲಿ ಬಳಸಿ ಕಿವಿಗೆ ಪರಿಚಯ ಮಾಡಿಸಿದರೆ ಅರ್ಧ ಭಾರ ಇಳಿಯುತ್ತದೆ.

ಮನೆಯವರ ಪಾಲು

ಇದು ಹಳ್ಳಿಯ ಬಡಮಕ್ಕಳ ಕಥೆ ಎಂದು ಪೇಟೆಯ ತಾಯ್ತಂದೆಯರು ನಿಟ್ಟುಸಿರಿಟ್ಟು ಪುಟ ತಿರುವಬಾರದು. ಟ್ಯೂಷನ್ನಿಗೆ ಹಣ ಕಟ್ಟಿದ ಮನೆಯಲ್ಲಿಯೂ ಇಂಗ್ಲಿಷ್ ಪುಸ್ತಕವನ್ನು ಅರ್ಥ ತಿಳಿಯದೆ ಉರುಹೊಡೆಯುವ, ಕನ್ನಡದ ಪತ್ರಿಕೆಯನ್ನು ಮುಟ್ಟಲಂಜುವ ಮಕ್ಕಳಿರಬಹುದು. ರಾತ್ರಿಯ ಊಟಕ್ಕೆ ಮೊದಲು ಹತ್ತು ನಿಮಿಷ ಮಗನಿಂದಲೋ ಮಗಳಿಂದಲೋ ಪತ್ರಿಕೆಯ ಒಂದು ಸುದ್ದಿಯನ್ನು ಓದಿಸಿ ಕೇಳಿದರೆ ಸತ್ಯ ತಿಳಿಯುತ್ತದೆ. ತಪ್ಪಿದಾಗ ಗದರಬಾರದು, ಮೂರು ಎಣಿಸುವಷ್ಟು ಕಾದು, ಆಮೇಲೆ ಪದವನ್ನು ಹೇಳಿಕೊಟ್ಟು ಮುಂದೆ ಸಾಗಲು ಬಿಡಬೇಕು. ಮನೆಯಲ್ಲಿ ಪುಟ್ಟ ತಮ್ಮನೋ ತಂಗಿಯೋ ಇದ್ದರೆ ದಿನಕ್ಕೊಂದು ಕಥೆ ಓದಿ ಹೇಳುವ ಕೆಲಸವನ್ನು ಇವನಿಗೇ ವಹಿಸಬಹುದು. ಸುಲಭದ ಪುಸ್ತಕ ಓದಲು ಅವನಿಗೊಂದು ಗೌರವದ ನೆಪ ಸಿಗುತ್ತದೆ. ಕೇಳುವ ಮಗುವಿಗೂ ಲಾಭವೇ.

ಪುಸ್ತಕಗಳಿಗೂ ಕೊರತೆಯಾಗಬೇಕಾಗಿಲ್ಲ. 2020ರ ನವೆಂಬರ್ 14ರಂದು ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವ ದೊರೆಯಿತು.

ಇಷ್ಟೆಲ್ಲ ಮಾಡಿಯೂ ತಿಂಗಳುಗಟ್ಟಲೆ ಪ್ರಗತಿ ಕಾಣದಿದ್ದರೆ ಕಣ್ಣು ಕಿವಿಗಳ ಪರೀಕ್ಷೆ ಮಾಡಿಸಬೇಕು. ಬುದ್ಧಿ ಚುರುಕಾಗಿದ್ದೂ ಓದು ಮಾತ್ರ ಒಲಿಯದ ಕಲಿಕಾ ನ್ಯೂನತೆಯೂ ಇರಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಇದನ್ನು ಮಾನ್ಯ ಮಾಡಿದೆ. ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಗಳಲ್ಲಿ ಇದರ ತಪಾಸಣೆಯಾಗುತ್ತದೆ. ಪ್ರಮಾಣಪತ್ರ ಪಡೆದವರಿಗೆ ಪರೀಕ್ಷೆಯಲ್ಲಿ ರಿಯಾಯಿತಿಯೂ ಉಂಟು.

ಹತ್ತನೆಯ ತರಗತಿಯ ಬಾಗಿಲಿನಲ್ಲಿ ನಿಂತವನಿಗೆ ಕಾಲ ಮೀರಿಹೋಯಿತೆಂದು ಕೈಚೆಲ್ಲುವವರಿದ್ದಾರೆ. ಎಂಟು ವರ್ಷ ಶಾಲೆಯಲ್ಲಿ ಕಳೆದ ಹುಡುಗನಿಗೆ ಮಾತು ಗೊತ್ತು, ಲೋಕ ಗೊತ್ತು, ಬಹುಪಾಲು ಅಕ್ಷರವೂ ಗೊತ್ತು. ಉಳಿದಿರುವುದು ಕೆಲವೇ ಮೆಟ್ಟಿಲು. ಅಷ್ಟನ್ನು ಹತ್ತಿಸಲು ಬೇಕಾದುದು ದಿನಕ್ಕೊಂದಿಷ್ಟು ಹೊತ್ತು, ಕೆಲವು ತಿಂಗಳ ತಾಳ್ಮೆ ಮತ್ತು ನಗದೆ ಕೇಳುವ ಒಬ್ಬ ಹಿರಿಯರು. ಆ ಒಬ್ಬರು ಸಿಕ್ಕಿದ ಹುಡುಗನು ಬಸ್ಸಿನ ಬೋರ್ಡಿನಲ್ಲಿ ಎಂದೂ ಕಂಡಿರದ ಊರಿನ ಹೆಸರನ್ನೂ ಒಂದು ದಿನ ತಾನೇ ಕೂಡಿಸಿ ಓದಿಯಾನು.