ಒಂದೇ ಕಾಲಿನ ಊತ: ಅನುಮಾನ ಬಂದ ದಿನವೇ ಆಸ್ಪತ್ರೆಗೆ

ಎರಡೂ ಕಾಲುಗಳು ಊದಿಕೊಂಡಾಗ ವೈದ್ಯರ ಗಮನ ಸಾಮಾನ್ಯವಾಗಿ ಹೃದಯ, ಮೂತ್ರಪಿಂಡ, ಯಕೃತ್ತುಗಳ ಕಡೆಗೆ ಹರಿಯುತ್ತದೆ. ಆದರೆ ಒಂದೇ ಕಾಲು ಊದಿ, ಮೀನಖಂಡದಲ್ಲಿ ನೋವು, ಬಿಸಿ ಕಾಣಿಸಿಕೊಂಡರೆ ಒಳಗಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆಯನ್ನು ಪರಿಗಣಿಸಲೇಬೇಕು. ಇದೇ 'ಡೀಪ್ ವೇನ್ ಥ್ರಾಂಬೋಸಿಸ್' ಅಥವಾ ಡಿವಿಟಿ. ಹೆಪ್ಪಿನ ತುಣುಕೊಂದು ಕಳಚಿ, ಹೃದಯದ ಬಲಭಾಗವನ್ನು ಹಾದು, ಶ್ವಾಸಕೋಶದ ರಕ್ತನಾಳವನ್ನು ಮುಚ್ಚಿದರೆ ಪ್ರಾಣಕ್ಕೇ ಸಂಚಕಾರ.

ಕೈಪರೀಕ್ಷೆಯಷ್ಟೇ ಸಾಲದು

ಪಾದವನ್ನು ಮೇಲಕ್ಕೆ ಬಾಗಿಸಿ ಮೀನಖಂಡದ ನೋವನ್ನು ಗುರುತಿಸುವ ಹಳೆಯ ಪರೀಕ್ಷೆ ನಂಬಲರ್ಹವಲ್ಲ. ಕಾಲನ್ನು ಮುಟ್ಟಿ ನೋಡಿ ರೋಗವನ್ನು ಖಚಿತಪಡಿಸಲೂ ಆಗದು, ತಳ್ಳಿಹಾಕಲೂ ಆಗದು. ಆದ್ದರಿಂದ ಕೆನಡಾದ ವೈದ್ಯ ಫಿಲಿಪ್ ವೆಲ್ಸ್ ಮತ್ತು ಸಂಗಡಿಗರು ರೂಪಿಸಿ, 2003ರಲ್ಲಿ ಪರಿಷ್ಕರಿಸಿದ ಅಂಕಪಟ್ಟಿ ಬಳಕೆಯಲ್ಲಿದೆ. ಚಿಕಿತ್ಸೆಯಲ್ಲಿರುವ ಕ್ಯಾನ್ಸರ್, 12 ವಾರಗಳೊಳಗೆ ನಡೆದ ದೊಡ್ಡ ಶಸ್ತ್ರಚಿಕಿತ್ಸೆ, ಕಾಲಿಗೆ ಹಾಕಿದ ಪ್ಲಾಸ್ಟರ್, ಹಿಂದೊಮ್ಮೆ ಬಂದಿದ್ದ ಡಿವಿಟಿ, ಇನ್ನೊಂದು ಕಾಲಿಗಿಂತ 3 ಸೆಂ.ಮೀ.ಗೂ ಹೆಚ್ಚು ಊದಿದ ಮೀನಖಂಡ ಮುಂತಾದ ಪ್ರತಿಯೊಂದಕ್ಕೂ ಒಂದು ಅಂಕ. ಡಿವಿಟಿಯಷ್ಟೇ ಸಂಭವನೀಯವಾದ ಬೇರೆ ಕಾರಣವಿದ್ದರೆ ಎರಡು ಅಂಕ ಕಳೆಯಬೇಕು. ಒಟ್ಟು ಎರಡು ಅಥವಾ ಹೆಚ್ಚು ಬಂದರೆ ಡಿವಿಟಿ ಸಂಭವ ಹೆಚ್ಚು.

ಗಂಟೆಗಳ ಲೆಕ್ಕ

ಬ್ರಿಟನ್ನಿನ 'ನೈಸ್' ಸಂಸ್ಥೆಯ 2020ರ ಮಾರ್ಗಸೂಚಿಯಂತೆ, ಸಂಭವ ಹೆಚ್ಚಿದ್ದವರಿಗೆ ನಾಲ್ಕು ಗಂಟೆಗಳೊಳಗೆ ಕಾಲಿನ ಅಲ್ಟ್ರಾಸೌಂಡ್ ಸ್ಕ್ಯಾನ್ ವರದಿ ದೊರೆಯಬೇಕು. ಅದು ಸಾಧ್ಯವಾಗದಿದ್ದರೆ ಡಿ-ಡೈಮರ್ ರಕ್ತಪರೀಕ್ಷೆಗೆ ರಕ್ತ ತೆಗೆದುಕೊಂಡು, ಹೆಪ್ಪುರೋಧಕ ಔಷಧಿ ಆರಂಭಿಸಿ, 24 ಗಂಟೆಗಳೊಳಗೆ ಸ್ಕ್ಯಾನ್ ಮಾಡಬೇಕು. ಅಂಕ ಕಡಿಮೆಯಿದ್ದವರಿಗೆ ಮೊದಲು ಡಿ-ಡೈಮರ್ ಪರೀಕ್ಷೆ. ಅದು ನೆಗೆಟಿವ್ ಬಂದರೆ ಊತಕ್ಕೆ ಬೇರೆ ಕಾರಣವನ್ನು ಹುಡುಕಬಹುದು. ಪಾಸಿಟಿವ್ ಬಂದರೆ ಸ್ಕ್ಯಾನ್ ಅಗತ್ಯ.

ಗರ್ಭಿಣಿಯರಿಗೆ ಮತ್ತು ಹೆರಿಗೆಯಾಗಿ ಆರು ವಾರ ತುಂಬದ ಬಾಣಂತಿಯರಿಗೆ ಈ ಅಂಕಪಟ್ಟಿಯನ್ನು ನೆಚ್ಚುವಂತಿಲ್ಲ. ಇವರಲ್ಲಿ ಹೆಪ್ಪುಗಟ್ಟುವ ಅಪಾಯ ಹೆಚ್ಚು. "ಬಸುರಿಗೆ ಕಾಲು ಊದುವುದು ಸಹಜ" ಎಂದು ಒಂದೇ ಕಾಲಿನ ಊತವನ್ನು ಕಡೆಗಣಿಸದೆ ಅದೇ ದಿನ ಆಸ್ಪತ್ರೆಗೆ ಕಳುಹಿಸಬೇಕು.

ಪತ್ರದಲ್ಲಿ ಏನಿರಬೇಕು?

ಊರಿನ ವೈದ್ಯರು ದೊಡ್ಡಾಸ್ಪತ್ರೆಗೆ ಬರೆದುಕೊಡುವ ಪತ್ರದಲ್ಲಿ ಊತ ಆರಂಭವಾದ ದಿನ, ಎರಡೂ ಮೀನಖಂಡಗಳ ಅಳತೆ, ಅಂಕ, ಇತ್ತೀಚಿನ ಶಸ್ತ್ರಚಿಕಿತ್ಸೆ ಅಥವಾ ಹೆರಿಗೆ, ಸೇವಿಸುತ್ತಿರುವ ಔಷಧಿಗಳು, ರಕ್ತಸ್ರಾವದ ತೊಂದರೆ, ಮೂತ್ರಪಿಂಡದ ಕಾಯಿಲೆ ಇವೆಲ್ಲ ನಮೂದಾಗಿರಬೇಕು. ಹೆಪ್ಪುರೋಧಕ ನೀಡಿದ್ದರೆ ಅದರ ಹೆಸರು, ಪ್ರಮಾಣ, ಕೊಟ್ಟ ಸಮಯವನ್ನೂ ಬರೆಯಬೇಕು. ಆಗ ಅಲ್ಲಿನ ವೈದ್ಯರು ಎಲ್ಲವನ್ನೂ ಮೊದಲಿನಿಂದ ಕೇಳುತ್ತ ಕೂರಬೇಕಾಗುವುದಿಲ್ಲ.

ರೋಗಿಯ ಮನೆಯವರು ಊದಿದ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕಬಾರದು. ಉಸಿರು ಕಟ್ಟುವುದು, ಉಸಿರೆಳೆದಾಗ ಎದೆನೋವು, ಕೆಮ್ಮಿದಾಗ ರಕ್ತ, ತಲೆಸುತ್ತಿ ಬೀಳುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಪತ್ರಕ್ಕಾಗಿ ಕಾಯದೆ 108ಕ್ಕೆ ಕರೆ ಮಾಡಬೇಕು. ಪರೀಕ್ಷೆಯ ನಂತರ ಡಿವಿಟಿ ಇಲ್ಲವೆಂದು ತಿಳಿದರೆ ನಷ್ಟವಾಗುವುದು ಒಂದು ದಿನ ಮಾತ್ರ; ಇದ್ದೂ ತಡಮಾಡಿದರೆ ಜೀವಕ್ಕೇ ಕುತ್ತು ಬರಬಹುದು.