ಹಳೆಯ ಹೊತ್ತಗೆಗಳ ಹರಾಜು: ಬೆಲೆ ಮತ್ತು ನೆಲೆ

ಹರಾಜು ಎಂಬ ಮಾತು ನಮ್ಮ ತಾಳವಾಡಿ ಸೀಮೆಯವರಿಗೆ ಹೊಸದಲ್ಲ. ದೇವಸ್ಥಾನಕ್ಕೆ ಹರಕೆಯಾಗಿ ಬಂದ ತೆಂಗಿನಕಾಯಿ, ಊರ ಹುಣಸೆಮರದ ಫಸಲು, ಕೆರೆಯ ಮೀನು ಇವೆಲ್ಲವೂ ಹತ್ತು ಜನರ ಎದುರಿನಲ್ಲಿ ‘ಒಂದು ಸಲ, ಎರಡು ಸಲ, ಮೂರು ಸಲ’ ಎಂದು ಕೂಗಿಸಿಕೊಂಡೇ ಕೈ ಬದಲಾಯಿಸುತ್ತವೆ. ದಿಂಬಂ ಘಟ್ಟದ ಇಪ್ಪತ್ತೇಳು ತಿರುವುಗಳನ್ನು ಇಳಿದು ಹೋದರೆ ಸತ್ಯಮಂಗಲದಲ್ಲಿ ಸರಕಾರದ ಶ್ರೀಗಂಧದ ಕೋಠಿಯಿದೆ. ಅಲ್ಲಿ ಗಂಧದ ಕೊರಡುಗಳನ್ನು ಕೆತ್ತಿ, ತೂಗಿ, ದರ್ಜೆಗಳಾಗಿ ವಿಂಗಡಿಸಿ ಹರಾಜು ಹಾಕುವುದನ್ನು ನಮ್ಮಲ್ಲಿ ಅನೇಕರು ಬಲ್ಲರು. ಆದರೆ ಹಳೆಯ ಪುಸ್ತಕ, ಅಚ್ಚಿನ ಚಿತ್ರ, ಭೂಪಟ, ಓಲೆಗರಿ ಮತ್ತು ಕೈಬರಹದ ಕಾಗದಗಳೂ ಹೀಗೆಯೇ ಹರಾಜಾಗುತ್ತವೆ. ಅದಕ್ಕೆಂದೇ ದೊಡ್ಡ ಸಂಸ್ಥೆಗಳಿವೆ, ನಿಯಮಗಳಿವೆ, ಕಾನೂನುಗಳಿವೆ ಎಂಬುದನ್ನು ತಿಳಿದವರು ಕಡಮೆ.

ಶಾಲೆಯ ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿಗಳಿಗೂ ಊರಿನ ಕುಟುಂಬಗಳಿಗೂ ಉಪಯೋಗವಾಗುವಂಥ ಲೇಖನವೊಂದನ್ನು ಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ನಾನು ಈ ವಿಷಯವನ್ನೇ ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ನಮ್ಮ ಸೀಮೆಯ ಹಳೆಯ ಮನೆಗಳ ಅಟ್ಟಗಳ ಮೇಲೆ, ದೇವರ ಕೋಣೆಗಳಲ್ಲಿ, ಮಠಗಳ ಪೆಟ್ಟಿಗೆಗಳಲ್ಲಿ ಇಂಥ ವಸ್ತುಗಳು ಇನ್ನೂ ಇವೆ. ಮನೆಗಳನ್ನು ಕೆಡವಿ ಕಟ್ಟುವ ಈ ಕಾಲದಲ್ಲಿ ಅವು ಬೇಗಬೇಗನೆ ಹೊರಗೆ ಹೋಗುತ್ತಿವೆ.

ಹರಾಜು ನಡೆಯುವ ಕ್ರಮ

ಲಂಡನ್ನಿನ ಸೋದೆಬೀಸ್ ಎಂಬ ಹರಾಜು ಸಂಸ್ಥೆಯ ಹೆಸರನ್ನು ಪತ್ರಿಕೆಗಳಲ್ಲಿ ಓದಿರುತ್ತೀರಿ. ಇಂದು ಅದು ವಜ್ರ, ವರ್ಣಚಿತ್ರಗಳಿಗೆ ಹೆಸರಾಗಿದ್ದರೂ 1744ರಲ್ಲಿ ಆರಂಭವಾದದ್ದು ಪುಸ್ತಕಗಳ ಹರಾಜಿನಿಂದ. ಅಂದಿನಿಂದ ಇಂದಿನವರೆಗೆ ಮೂಲ ಕ್ರಮ ಹೆಚ್ಚು ಬದಲಾಗಿಲ್ಲ.

ಮಾರುವವನು ತನ್ನ ವಸ್ತುವನ್ನು ಸಂಸ್ಥೆಗೆ ಒಪ್ಪಿಸುತ್ತಾನೆ. ಅಲ್ಲಿನ ತಜ್ಞರು ಅದನ್ನು ಪರೀಕ್ಷಿಸಿ ಪುಟಗಳನ್ನೂ ಚಿತ್ರಗಳನ್ನೂ ಒಂದೊಂದಾಗಿ ಎಣಿಸುತ್ತಾರೆ. ಕರ್ತೃ, ಮುದ್ರಣವಾದ ಊರು, ವರ್ಷ, ಕಟ್ಟಡ, ಕುಂದುಕೊರತೆ ಇವೆಲ್ಲವನ್ನೂ ಬರೆದು ಒಂದು ಕ್ರಮಸಂಖ್ಯೆ ಕೊಟ್ಟು ಪಟ್ಟಿಯಲ್ಲಿ ಅಚ್ಚು ಹಾಕಿಸುತ್ತಾರೆ. ಈ ಸಂಖ್ಯೆಯ ವಸ್ತುವಿಗೆ ಲಾಟು ಎಂದು ಹೆಸರು. ಇಷ್ಟರಿಂದ ಇಷ್ಟರವರೆಗೆ ಬೆಲೆ ಬರಬಹುದು ಎಂಬ ಅಂದಾಜನ್ನು ಪಕ್ಕದಲ್ಲಿ ಕಾಣಿಸುತ್ತಾರೆ. ಇದಕ್ಕಿಂತ ಕೆಳಗೆ ಮಾರಕೂಡದು ಎಂಬ ಕನಿಷ್ಠ ಬೆಲೆಯೂ ಸಾಮಾನ್ಯವಾಗಿ ಗೊತ್ತಾಗಿರುತ್ತದೆ. ಅದು ಮಾರುವವನಿಗೂ ಸಂಸ್ಥೆಗೂ ನಡುವಿನ ಗುಟ್ಟು. ಹರಾಜಿಗೆ ಮುನ್ನ ಕೊಳ್ಳುವವರು ಬಂದು ವಸ್ತುವನ್ನು ನೋಡಬಹುದು. ಕೂಗು ನಿಂತ ಮೇಲೆ ಸುತ್ತಿಗೆ ಬಡಿದರೆ ವ್ಯಾಪಾರ ಮುಗಿದಂತೆ.

ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ಸುತ್ತಿಗೆ ಬಿದ್ದ ಬೆಲೆ 10,000 ರೂಪಾಯಿ ಎಂದಿಟ್ಟುಕೊಳ್ಳೋಣ. ಮಾರುವವನಿಂದ ಸಂಸ್ಥೆ ನೂರಕ್ಕೆ 10ರಂತೆ ದಲ್ಲಾಳಿ ಹಿಡಿದರೆ ಅವನ ಕೈಗೆ ಬರುವುದು 9,000. ಕೊಳ್ಳುವವನ ಮೇಲೆ ನೂರಕ್ಕೆ 20ರಂತೆ ಹೆಚ್ಚುವರಿ ಹಾಕಿದರೆ ಅವನು ತೆರುವುದು 12,000. ಅದರ ಮೇಲೆ ತೆರಿಗೆ ಬೇರೆ. ಪತ್ರಿಕೆಯಲ್ಲಿ ಓದಿದ ದೊಡ್ಡ ಮೊತ್ತವೆಲ್ಲ ಮಾರಿದವನಿಗೆ ಸೇರಿತೆಂದು ತಿಳಿಯಬಾರದು.

ಬೆಲೆ ಬರುವುದು ಯಾವುದರಿಂದ?

ಹಳೆಯದೆಂದ ಮಾತ್ರಕ್ಕೆ ಬೆಲೆ ಬಾರದು. ಗಂಧದ ಕೊರಡಿಗೆ ದರ್ಜೆಯಿರುವಂತೆ ಹೊತ್ತಗೆಗೂ ದರ್ಜೆಯಿದೆ. ಅದನ್ನು ನಿರ್ಣಯಿಸುವ ಅಂಶಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು ವಿರಳತೆ. 1817ರಲ್ಲಿ ಸೆರಾಂಪುರದಲ್ಲಿ ಅಚ್ಚಾದ ವಿಲಿಯಂ ಕೇರಿಯ ಕನ್ನಡ ವ್ಯಾಕರಣ, 1843ರಲ್ಲಿ ಮೊಗ್ಲಿಂಗರು ಹೊರಡಿಸಿದ ‘ಮಂಗಳೂರ ಸಮಾಚಾರ’ದ ಸಂಚಿಕೆಗಳು, 1894ರಲ್ಲಿ ಮಂಗಳೂರಿನಲ್ಲಿ ಮುದ್ರಣಗೊಂಡ ಕಿಟ್ಟೆಲ್ ನಿಘಂಟಿನ ಮೊದಲ ಆವೃತ್ತಿ ಇವು ಮತ್ತೆ ಹುಟ್ಟಲಾರವು. ಕಿಟ್ಟೆಲ್ ನಿಘಂಟಿನ ಮರುಮುದ್ರಣಗಳು ವಿದ್ಯಾರ್ಥಿಗೆ ಅಷ್ಟೇ ಉಪಯುಕ್ತ. ಆದರೆ ಹರಾಜಿನಲ್ಲಿ ಅವುಗಳ ಬೆಲೆಯೇ ಬೇರೆ. ಆದುದರಿಂದ ಮೊದಲು ನೋಡಬೇಕಾದುದು ಶೀರ್ಷಿಕೆ ಪುಟದ ವರ್ಷವನ್ನು.

ಎರಡನೆಯದು ಪೂರ್ಣತೆ, ಮೂರನೆಯದು ಸ್ಥಿತಿ. ಒಂದು ಚಿತ್ರ, ಒಂದು ಮಡಿಚಿಟ್ಟ ಭೂಪಟ ಹೋಗಿದ್ದರೂ ಬೆಲೆ ತೀರ ಇಳಿಯುತ್ತದೆ. ಇದರಿಂದಲೇ ಒಂದು ಅನರ್ಥವೂ ಹುಟ್ಟಿದೆ. ರಾಬರ್ಟ್ ಹೋಮ್ ಎಂಬ ಚಿತ್ರಕಾರ ಮೈಸೂರು ಸೀಮೆಯ ಕೋಟೆ ಬೆಟ್ಟಗಳನ್ನು ಬರೆದು 1794ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಜೇಮ್ಸ್ ಹಂಟರನ ಮೈಸೂರು ದೃಶ್ಯಗಳು ಹತ್ತು ವರ್ಷಗಳ ತರುವಾಯ ಬಂದವು. ಇಂಥ ಪುಸ್ತಕಗಳನ್ನು ಇಡಿಯಾಗಿ ಮಾರುವುದಕ್ಕಿಂತ ಚಿತ್ರಗಳನ್ನು ಕತ್ತರಿಸಿ ಚೌಕಟ್ಟು ಹಾಕಿ ಬಿಡಿಬಿಡಿಯಾಗಿ ಮಾರಿದರೆ ಲಾಭವೆಂದು ಎಷ್ಟೋ ಪ್ರತಿಗಳನ್ನು ವ್ಯಾಪಾರಿಗಳು ಹರಿದು ಹಾಕಿದ್ದಾರೆ. ಗೋಡೆಯ ಮೇಲೆ ಚಿತ್ರ ಉಳಿಯಿತು, ಪುಸ್ತಕ ಸತ್ತಿತು. ಚಿತ್ರವಿರುವ ಓಲೆಗರಿ ಕಟ್ಟುಗಳಿಗೂ ಇದೇ ಗತಿಯಾಗುವುದುಂಟು.

ಅಚ್ಚಿನ ಚಿತ್ರ ಹಳೆಯದೋ ಈಚಿನ ನಕಲೋ ಎಂದು ಗುರುತಿಸಲು ಭೂತಗನ್ನಡಿ ಸಾಕು. ಹೊಸ ಮುದ್ರಣದಲ್ಲಿ ಸಾಲುಸಾಲಾಗಿ ಚುಕ್ಕಿಗಳು ಕಾಣುತ್ತವೆ. ತಾಮ್ರದ ತಗಡಿನಲ್ಲಿ ಕೊರೆದು ಅಚ್ಚೊತ್ತಿದ ಹಳೆಯ ಚಿತ್ರದಲ್ಲಿ ಗೆರೆಗಳು ಕಾಣುತ್ತವೆ. ಅಂಚು ಕತ್ತರಿಸಿರದಿದ್ದರೆ ತಗಡು ಒತ್ತಿದ ಗುರುತು ಕಾಗದದ ಸುತ್ತ ತಗ್ಗಾಗಿ ಬೆರಳಿಗೆ ಸಿಗುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು: ಆ ವಸ್ತುವಿನ ನೆಲೆ, ಅಂದರೆ ಅದು ಯಾರದು, ಎಲ್ಲಿತ್ತು, ಯಾರ ಕೈಯಿಂದ ಯಾರ ಕೈಗೆ ಬಂದಿತು ಎಂಬ ಚರಿತ್ರೆ. 2023ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಟಿಪ್ಪು ಸುಲ್ತಾನನ ಖಡ್ಗವೊಂದು 1 ಕೋಟಿ 40 ಲಕ್ಷ ಪೌಂಡುಗಳಿಗೆ ಮಾರಾಟವಾಯಿತು. ಅರಮನೆಯ ಶಯ್ಯಾಗೃಹದಲ್ಲಿ ಸಿಕ್ಕಿದ ಅದನ್ನು ಸೇನೆಯವರು ಜನರಲ್ ಬೇರ್ಡನಿಗೆ ಒಪ್ಪಿಸಿದರು ಎಂಬ ಚರಿತ್ರೆ ಅದಕ್ಕೆ ಅಂಟಿಕೊಂಡಿತ್ತು. ಆ ಮಾಹಿತಿಯಿಲ್ಲದಿದ್ದರೆ ಅದು ಅಂದವಾದ ಒಂದು ಹಳೆಯ ಕತ್ತಿ, ಅಷ್ಟೆ. ಪುಸ್ತಕ, ಓಲೆಗಳ ಮಾತೂ ಇದೇ.

ನಮ್ಮ ಮನೆಗಳಲ್ಲಿ ಇರುವುದೇನು?

‘ಹಿತ್ತಲ ಗಿಡ ಮದ್ದಲ್ಲ’ ಎಂಬಂತೆ ಮನೆಯಲ್ಲಿರುವುದನ್ನು ನಾವು ಲಕ್ಷಿಸುವುದಿಲ್ಲ. ನಮ್ಮ ಕಡೆ ಸಿಗಬಹುದಾದವು ಮೂರು ಬಗೆ.

ಒಂದು, ಓಲೆಗರಿ. ತಾಳೆಯ ಗರಿಯನ್ನು ಬೇಯಿಸಿ, ಒಣಗಿಸಿ, ನುಣುಪು ಮಾಡಿ, ಕಬ್ಬಿಣದ ಕಂಟದಿಂದ ಕೊರೆದು, ಮಸಿ ತೊಡೆದು ಒರೆಸಿದಾಗ ಅಕ್ಷರ ಎದ್ದು ಕಾಣುತ್ತದೆ. ಪುರಾಣ, ವಚನ, ಜ್ಯೋತಿಷ, ವೈದ್ಯ, ಯಕ್ಷಗಾನ ಎಲ್ಲವೂ ಹೀಗೆಯೇ ಉಳಿದು ಬಂದವು. ಕೊನೆಯ ಗರಿಯನ್ನು ಅಗತ್ಯವಾಗಿ ಓದಿಸಬೇಕು. ಬರೆದವನ ಹೆಸರು, ಬರೆಸಿದವನ ಹೆಸರು, ಊರು, ಸಂವತ್ಸರ, ಮಾಸ, ತಿಥಿಗಳು ಇರುವುದು ಸಾಮಾನ್ಯವಾಗಿ ಅಲ್ಲಿ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ಬರೀ ಅದರಿಂದ ಕಾಲ ನಿಶ್ಚಯವಾಗದು. ಶಕವರ್ಷವಿದ್ದರೆ ನಿಶ್ಚಯ, ಇಲ್ಲದಿದ್ದರೆ ಲಿಪಿಯನ್ನೂ ಮನೆತನದ ಹೆಸರುಗಳನ್ನೂ ನೋಡಬೇಕಾಗುತ್ತದೆ.

ಎರಡು, ಕಡತ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಿನ ಪುಡಿ ಬಳಿದು, ಮಡಿಕೆ ಮಡಿಕೆಯಾಗಿ ಮಡಿಚಿ, ಬಳಪದಲ್ಲಿ ಬರೆದ ಕಪ್ಪು ಪುಸ್ತಕವಿದು. ಶಾನುಭೋಗರ, ವರ್ತಕರ, ಮಠಗಳ ಲೆಕ್ಕಗಳು ಇದರಲ್ಲಿರುತ್ತಿದ್ದುವು. ಒದ್ದೆ ಬಟ್ಟೆಯಿಂದ ಒರೆಸಿದರೆ ನೂರು ವರ್ಷದ ಲೆಕ್ಕ ಒಂದು ಕ್ಷಣದಲ್ಲಿ ಅಳಿಸಿಹೋಗುತ್ತದೆ.

ಮೂರು, ಹಳೆಯ ಅಚ್ಚಿನ ಪುಸ್ತಕ, ಪಂಚಾಂಗ, ಪಠ್ಯಪುಸ್ತಕ, ಭೂಪಟ, ಪತ್ರವ್ಯವಹಾರ. ನಮ್ಮ ಬೆಟ್ಟಸೀಮೆಯ ಹೆಸರು ಹೊರಜಗತ್ತಿನ ನಕ್ಷೆಗಳಿಗೆ ಏರಿದ್ದು ಯುದ್ಧದ ಕಾರಣದಿಂದ. 1790ರ ಸೆಪ್ಟೆಂಬರಿನಲ್ಲಿ ಟಿಪ್ಪುವಿನ ಸೇನೆ ಗಜಲಹಟ್ಟಿ ಕಣಿವೆಯಿಂದ ಇಳಿದು ಸತ್ಯಮಂಗಲದ ಬಳಿ ಕರ್ನಲ್ ಫ್ಲಾಯ್ಡನ ಪಡೆಯೊಡನೆ ಕಾದಿತು. ಆ ಕಾಲದ ಇಂಗ್ಲಿಷರ ಭೂಪಟಗಳು ಇಂದು ವಿದೇಶದ ಹರಾಜುಗಳಲ್ಲಿ ಸಂಗ್ರಾಹಕರ ಪಾಲಾಗುತ್ತವೆ. 1956ರಲ್ಲಿ ಭಾಷಾವಾರು ಪ್ರಾಂತ ರಚನೆಯಾದಾಗ ಮದರಾಸು ರಾಜ್ಯದಲ್ಲಿಯೇ ಉಳಿದ ಕನ್ನಡಿಗರು ನಾವು. ನಮ್ಮ ಹಿರಿಯರು ಇಲ್ಲಿ ಯಾವ ನುಡಿಯಲ್ಲಿ ಲೆಕ್ಕ ಬರೆದರು, ಯಾವ ನುಡಿಯಲ್ಲಿ ದೇವರನ್ನು ನೆನೆದರು ಎಂಬುದಕ್ಕೆ ಸಾಕ್ಷಿ ಹೇಳಬಲ್ಲವು ಈ ಕಟ್ಟುಗಳೇ.

ನಾನು ಉಪಾಧ್ಯಾಯನಾಗಿದ್ದಾಗ ನಡೆದುದನ್ನು ಹೇಳುತ್ತೇನೆ. ಒಂದು ಮನೆಯವರು ಮೂರು ಓಲೆಗರಿ ಕಟ್ಟುಗಳನ್ನು ಹಳೆಯ ಸಾಮಾನು ಕೊಳ್ಳಲು ಬಂದ ಅಪರಿಚಿತನಿಗೆ ಒಂದು ಹಿತ್ತಾಳೆ ಬಿಂದಿಗೆಯ ಬೆಲೆಗೆ ಕೊಟ್ಟುಬಿಟ್ಟರು. ಕೆಲವು ವರ್ಷಗಳ ಮೇಲೆ ಆ ಮನೆಯ ಹುಡುಗ ತನ್ನ ವಂಶದ ಹೆಸರುಗಳನ್ನು ಬರೆದಿಡಬೇಕೆಂದು ಹೊರಟಾಗ ಮುತ್ತಜ್ಜನ ತಂದೆಯ ಹೆಸರು ಯಾರಿಗೂ ನೆನಪಿರಲಿಲ್ಲ. ‘ಆ ಓಲೆಯ ಕೊನೆಯಲ್ಲಿ ಬರೆದಿತ್ತಪ್ಪ, ನಮ್ಮ ಮಾವನವರು ಓದಿ ಹೇಳುತ್ತಿದ್ದರು’ ಎಂದು ಅಜ್ಜಿ ಹೇಳಿದರು. ಕೊಂಡವನು ಯಾವ ಊರಿನವನೋ ಯಾರಿಗೂ ಗೊತ್ತಿರಲಿಲ್ಲ. ನಷ್ಟವಾದದ್ದು ಹಣ ಮಾತ್ರವಲ್ಲ.

ಚದುರಿದುದು, ಉಳಿದುದು

ಸಂಗ್ರಹಗಳ ಚರಿತ್ರೆಯಿಂದ ಕಲಿಯಬೇಕಾದ ಪಾಠವಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಅರಮನೆಯಲ್ಲಿ ಸುಮಾರು 2,000 ಹಸ್ತಪ್ರತಿಗಳ ಗ್ರಂಥಭಂಡಾರವಿತ್ತು. ಅವು ಕಲ್ಕತ್ತೆಗೂ ಇಂಗ್ಲೆಂಡಿಗೂ ಹಂಚಿಹೋದುವು. ಚಾರ್ಲ್ಸ್ ಸ್ಟುವರ್ಟ್ ಎಂಬುವನು 1809ರಲ್ಲಿ ಅವುಗಳ ವಿವರಣಾತ್ಮಕ ಪಟ್ಟಿಯನ್ನು ಅಚ್ಚು ಹಾಕಿಸಿದ್ದರಿಂದ, ಅಲ್ಲಿ ಏನಿತ್ತೆಂಬುದಾದರೂ ನಮಗೆ ತಿಳಿದಿದೆ.

ಮೈಸೂರಿನ ಭೂಮಾಪನ ಮಾಡಿದ ಕಾಲಿನ್ ಮೆಕೆಂಜಿ ಊರೂರಿನ ಶಾಸನ, ಕೈಫಿಯತ್ತು, ಓಲೆಗಳನ್ನು ತನ್ನ ದೇಶೀಯ ಸಹಾಯಕರಿಂದ ಸಂಗ್ರಹಿಸಿದ. ಅವನು 1821ರಲ್ಲಿ ತೀರಿಕೊಂಡ ಮೇಲೆ ಕಂಪನಿ ಸರಕಾರ ಅವನ ವಿಧವೆಯಿಂದ ಸಂಗ್ರಹವನ್ನು ಒಂದು ಲಕ್ಷ ರೂಪಾಯಿಗೆ ಕೊಂಡುಕೊಂಡಿತು. ಅದು ಲಂಡನ್, ಕಲ್ಕತ್ತೆ, ಮದರಾಸುಗಳಲ್ಲಿ ಹಂಚಿಹೋದರೂ ಕನ್ನಡದ ಕೈಫಿಯತ್ತುಗಳನ್ನು ಇಂದಿಗೂ ಚೆನ್ನೈಯ ಸರಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿ ನೋಡಬಹುದು.

1905ರಲ್ಲಿ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಓಲೆಗಳ ಕಟ್ಟೊಂದನ್ನು ತಂದು ಒಪ್ಪಿಸಿದರು. ಆರ್. ಶಾಮಶಾಸ್ತ್ರಿಗಳು ಅದನ್ನು ಓದಿ ಕೌಟಿಲ್ಯನ ‘ಅರ್ಥಶಾಸ್ತ್ರ’ವೆಂದು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ವಿಜಾಪುರದ ಫ.ಗು. ಹಳಕಟ್ಟಿಯವರು ಓಲೆಗರಿಗಳನ್ನು ಅರಸಿ ಸಂಗ್ರಹಿಸಿದ್ದರಿಂದ 1923ರಲ್ಲಿ ‘ವಚನಶಾಸ್ತ್ರಸಾರ’ ಬೆಳಕು ಕಂಡಿತು. ಆ ಓಲೆಗಳು ಸೇರಬೇಕಾದ ಕೈಯನ್ನು ಸೇರದೆ ಹೋಗಿದ್ದರೆ ನಾಡು ಎಷ್ಟು ಬಡವಾಗುತ್ತಿತ್ತೆಂಬುದನ್ನು ಊಹಿಸಿಕೊಳ್ಳಬಹುದು.

ಕಾನೂನು ಏನು ಹೇಳುತ್ತದೆ?

ಭಾರತ ಸರಕಾರದ 1972ರ ಪುರಾವಸ್ತು ಮತ್ತು ಕಲಾಸಂಪತ್ತು ಅಧಿನಿಯಮ 1976ರ ಏಪ್ರಿಲಿನಿಂದ ಜಾರಿಯಲ್ಲಿದೆ. ಅದರಂತೆ ನೂರು ವರ್ಷ ತುಂಬಿದ, ಚಾರಿತ್ರಿಕ ಅಥವಾ ಕಲಾಮಹತ್ತ್ವದ ವಸ್ತುಗಳು ಪುರಾವಸ್ತುಗಳು. ಹಸ್ತಪ್ರತಿ, ದಾಖಲೆಗಳಿಗೆ 75 ವರ್ಷವೇ ಸಾಕು. ಆದರೆ ಅವುಗಳಿಗೆ ವೈಜ್ಞಾನಿಕ, ಚಾರಿತ್ರಿಕ, ಸಾಹಿತ್ಯಕ ಅಥವಾ ಸೌಂದರ್ಯದ ಮೌಲ್ಯವಿರಬೇಕು.

ಇವುಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧವಲ್ಲ. ದೇಶದ ಒಳಗೆ ಮಾರುವುದಕ್ಕೂ ಅವಕಾಶವಿದೆ. ಆದರೆ ವ್ಯಾಪಾರ ಮಾಡುವವನಿಗೆ ಸರಕಾರದ ಲೈಸೆನ್ಸ್ ಇರಬೇಕು. ಚಿತ್ರಗಳಿರುವ ಪ್ರಾಚೀನ ಹಸ್ತಪ್ರತಿಗಳನ್ನು ನೋಂದಣಿ ಅಧಿಕಾರಿಯಲ್ಲಿ ನೋಂದಾಯಿಸಬೇಕು. ಖಾಸಗಿಯವರು ಪುರಾವಸ್ತುವನ್ನು ಹೊರದೇಶಕ್ಕೆ ಸಾಗಿಸುವಂತೆಯೇ ಇಲ್ಲ. ಸಾಗಿಸಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ ಮತ್ತು ದಂಡ. ಆದುದರಿಂದ ‘ವಿದೇಶದಲ್ಲಿ ಕೋಟಿ ಬರುತ್ತದೆ, ನನ್ನ ಕೈಗೆ ಕೊಡಿ’ ಎನ್ನುವವನನ್ನು ನಂಬಬೇಡಿ.

ಹೊರಗೆ ಹೋದುದನ್ನು ಮರಳಿ ತರುವುದು ಎಷ್ಟು ದುಬಾರಿಯೆಂಬುದಕ್ಕೆ ಒಂದು ನಿದರ್ಶನ ಸಾಕು. ಗಾಂಧೀಜಿ ಮತ್ತು ಅವರ ಸ್ನೇಹಿತ ಕಾಲೆನ್‌ಬಾಕರಿಗೆ ಸಂಬಂಧಿಸಿದ ಪತ್ರಗಳು 2012ರ ಜುಲೈಯಲ್ಲಿ ಲಂಡನ್ನಿನಲ್ಲಿ ಹರಾಜಿಗೆ ಬಂದುವು. ನಮ್ಮ ಸರಕಾರವು ಹರಾಜಿಗೆ ಮೊದಲೇ ಹಣ ತೆತ್ತು ಅವನ್ನು ಕೊಂಡು ತರಬೇಕಾಯಿತು.

ನಾವು ಮಾಡಬೇಕಾದುದು

ಹಳೆಯದನ್ನೆಲ್ಲ ಮಾರಲೇಬಾರದೆಂದು ನಾನು ಹೇಳುವುದಿಲ್ಲ. ಮನೆಯಲ್ಲಿ ಮದುವೆಯಿರುತ್ತದೆ, ಔಷಧದ ಖರ್ಚಿರುತ್ತದೆ. ಕಷ್ಟ ಅವರವರಿಗೇ ಗೊತ್ತು. ಆದರೆ ಮಾರುವುದಿರಲಿ, ಇಟ್ಟುಕೊಳ್ಳುವುದಿರಲಿ, ಮೊದಲು ಈ ಕೆಲವು ಕೆಲಸಗಳಾಗಬೇಕು.

ತೂಕಕ್ಕೆ ಹಾಕಬೇಡಿ. ಗರಿಗಳನ್ನು ಎಣಿಸಿ, ಉದ್ದ ಅಗಲ ಅಳೆಯಿರಿ, ಮೊದಲ ಮತ್ತು ಕೊನೆಯ ಗರಿಗಳನ್ನು ತಪ್ಪದೆ, ಸಾಧ್ಯವಾದರೆ ಎಲ್ಲ ಗರಿಗಳನ್ನೂ ಮೊಬೈಲ್ ಫೋನಿನಲ್ಲಿ ಚಿತ್ರ ತೆಗೆದಿಡಿ. ಯಾರ ಕಾಲದ್ದು, ಯಾವ ಊರಿನಿಂದ ಬಂದದ್ದು ಎಂದು ಮನೆಯ ಹಿರಿಯರನ್ನು ಕೇಳಿ ಒಂದು ಹಾಳೆಯಲ್ಲಿ ಬರೆಯಿರಿ. ಹರಾಜಿನವನು ಬೆಲೆ ಕಟ್ಟುವ ಆ ನಾಲ್ಕನೆಯ ಅಂಶ ನಿಮ್ಮ ಅಜ್ಜ ಅಜ್ಜಿಯರ ಬಾಯಲ್ಲಿದೆ. ಅದು ಬೇರೆಲ್ಲಿಯೂ ಸಿಕ್ಕದು.

ಹರಿದ ಹಾಳೆಗೆ ಅಂಟುಪಟ್ಟಿ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ, ಹಳೆಯ ರಟ್ಟನ್ನು ಕಿತ್ತು ಹೊಸದನ್ನು ಹಾಕಿಸಬೇಡಿ. ಹಳೆಯ ಹೆಸರು, ರುಜು, ಮುದ್ರೆಗಳನ್ನು ಅಳಿಸಬೇಡಿ. ಓಲೆಗಳನ್ನು ಎರಡು ಹಲಗೆಗಳ ನಡುವೆ ಇಟ್ಟು, ಶುಭ್ರವಾದ ಹತ್ತಿಬಟ್ಟೆಯಲ್ಲಿ ಸುತ್ತಿ, ಒಲೆಯ ಹೊಗೆಗೂ ಮಳೆಯ ತೇವಕ್ಕೂ ದೂರವಾಗಿಡಿ.

ಓದಲು ಬಾರದಿದ್ದರೆ ಬಲ್ಲವರನ್ನು ಕೇಳಿ. ಚಾಮರಾಜನಗರದ ಮೂಲಕ ಹೋದರೆ ಮೈಸೂರು ದೂರವಲ್ಲ. ಅಲ್ಲಿಯ ಪ್ರಾಚ್ಯವಿದ್ಯಾ ಸಂಶೋಧನಾಲಯ ಮತ್ತು ಮಾನಸಗಂಗೋತ್ರಿಯ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಚೆನ್ನೈಯ ಹಸ್ತಪ್ರತಿ ಗ್ರಂಥಾಲಯ ಇವುಗಳಲ್ಲಿ ಹಸ್ತಪ್ರತಿಗಳನ್ನು ಬಲ್ಲವರಿದ್ದಾರೆ. 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ ಆರಂಭವಾಯಿತು. 2025ರಲ್ಲಿ ಕೇಂದ್ರ ಸರಕಾರ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ ಮತ್ತು ಸಂರಕ್ಷಣೆಗಾಗಿ ‘ಜ್ಞಾನ ಭಾರತಂ’ ಎಂಬ ಯೋಜನೆಯನ್ನು ಘೋಷಿಸಿತು. ಮಾರುವುದೇ ಅನಿವಾರ್ಯವಾದರೆ ಅಣ್ಣತಮ್ಮಂದಿರೆಲ್ಲರ ಒಪ್ಪಿಗೆ ಪಡೆದು, ಲೈಸೆನ್ಸ್ ನೋಡಿ, ರಸೀದಿ ಬರೆಸಿಕೊಂಡು ಮಾರಿ.

ಕೊನೆಯದಾಗಿ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಬಿನ್ನಹ. ನೀವು ಎಲ್ಲೆಲ್ಲಿಯೋ ಉದ್ಯೋಗದಲ್ಲಿದ್ದೀರಿ. ಹಬ್ಬಕ್ಕೆ ಊರಿಗೆ ಬಂದಾಗ ಒಂದು ದಿನ ಅಟ್ಟ ಹತ್ತಿ ನೋಡಿ. ಸಿಕ್ಕಿದುದರ ಪಟ್ಟಿಯ ಒಂದು ಪ್ರತಿಯನ್ನು ನಮ್ಮ ಶಾಲೆಗೆ ಕೊಡಿ. ವಸ್ತು ನಿಮ್ಮ ಮನೆಯಲ್ಲೇ ಇರಲಿ, ಪಟ್ಟಿ ಮಾತ್ರ ಶಾಲೆಯಲ್ಲಿರಲಿ. ತಾಳವಾಡಿ ಸೀಮೆಯ ಮನೆಮನೆಗಳಲ್ಲಿ ಏನಿದೆ ಎಂಬ ಒಂದು ದಪ್ಪ ಪುಸ್ತಕ ಈ ಸುವರ್ಣ ಮಹೋತ್ಸವದ ವರ್ಷದಲ್ಲಿ ಆರಂಭವಾದರೆ, ಮುಂದೆ ಶತಮಾನೋತ್ಸವ ಆಚರಿಸುವ ಮಕ್ಕಳಿಗೆ ನಾವು ಕೊಟ್ಟ ಉಡುಗೊರೆ ಅದಾಗುತ್ತದೆ. ಬೆಲೆಯನ್ನು ಯಾರು ಬೇಕಾದರೂ ಕಟ್ಟಬಹುದು. ನೆಲೆಯನ್ನು ಹೇಳಬಲ್ಲವರು ನಾವು ಮಾತ್ರ.